ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಮೊದಲ ವಿದೇಶ ಪ್ರವಾಸ: ಯಾರಿಗೆ ಯಾವ ದೇಶ?

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಯ ಹಾದಿ. ಬಳ್ಳಾರಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಇಡೀ ಒಂದು ರಾತ್ರಿ. ವಿದೇಶ ಪ್ರವಾಸದ ಸಲಹೆಗಳೆಲ್ಲ ವಿಮಾನ ಹತ್ತಿದ ಮೇಲಿನ ಕಥೆಯನ್ನೇ ಹೇಳುತ್ತವೆ. ನಮ್ಮ ಕಡೆಯವರ ಪ್ರವಾಸ ಅದಕ್ಕೂ ಎಷ್ಟೋ ಗಂಟೆ ಮೊದಲು, ಊರಿನ ರೈಲು ನಿಲ್ದಾಣದಲ್ಲೋ ಬಸ್ ನಿಲ್ದಾಣದಲ್ಲೋ ಶುರುವಾಗಿರುತ್ತದೆ. ಆ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯದೆ ದೇಶ ಆರಿಸಿದವರು ಮೊದಲ ದಿನವನ್ನು ಹೋಟೆಲಿನ ಹಾಸಿಗೆಯಲ್ಲೇ ಕಳೆಯುತ್ತಾರೆ.

ಹಾಗಾಗಿ ಯಾವ ದೇಶ ಚೆಂದ, ಯಾವುದು ಅಗ್ಗ ಎಂದು ಹುಡುಕುವ ಮೊದಲು ಮನೆಯವರೆಲ್ಲ ಕೂತು ಎರಡು ವಿಷಯ ಮಾತಾಡಿಕೊಳ್ಳಬೇಕು. ಹೊರಟವರಲ್ಲಿ ಎಲ್ಲರಿಗಿಂತ ಬೇಗ ದಣಿಯುವವರು ಯಾರು? ಹೊರಗಿನ ಊಟ ಯಾರ ಹೊಟ್ಟೆಗೆ ಹಿಡಿಸುವುದಿಲ್ಲ? ಎಪ್ಪತ್ತು ದಾಟಿದ ಅಜ್ಜಿ, ಮಂಡಿನೋವಿನ ಅಪ್ಪ, ಮೂರು ವರ್ಷದ ಮಗು, ಮೊಟ್ಟೆಯನ್ನೂ ಮುಟ್ಟದ ಅತ್ತೆ, ಇವರೇ ದೇಶವನ್ನು ಆರಿಸುವವರು. ಗಟ್ಟಿಮುಟ್ಟಾದ ಉಳಿದವರು ಯಾವ ದೇಶದಲ್ಲಾದರೂ ಸುಧಾರಿಸಿಕೊಳ್ಳುತ್ತಾರೆ. ಮೊದಲ ಪ್ರವಾಸ ಸಲೀಸಾಗಿ ಮುಗಿದರೆ ಎರಡನೆಯದಕ್ಕೆ ಮನೆಯ ಹಿರಿಯರೇ ದುಂಬಾಲು ಬೀಳುತ್ತಾರೆ. ಕೆಟ್ಟರೆ ಪಾಸ್‌ಪೋರ್ಟು ಬೀರುವಿನಲ್ಲಿ ಹತ್ತು ವರ್ಷ ಮಲಗುತ್ತದೆ. ಮುಂದೆ ಬರುವ ಹೋಲಿಕೆಗಳನ್ನೆಲ್ಲ ನಾನು ಇದೇ ಅಳತೆಯಿಂದ ಮಾಡಿದ್ದೇನೆ.

ಬೆಂಗಳೂರೋ ಹೈದರಾಬಾದೋ

ರಾಯಚೂರಿನವರು ಎರಡನೆಯ ಯೋಚನೆ ಮಾಡಬೇಕಿಲ್ಲ. ಶಕ್ತಿನಗರದ ಹತ್ತಿರ ಕೃಷ್ಣೆಯನ್ನು ದಾಟಿ ಮಖ್ತಲ್, ಮಹಬೂಬ್‌ನಗರ, ಜಡ್ಚರ್ಲಾ ಮೂಲಕ ಹೋದರೆ ಹೈದರಾಬಾದ್ ನಗರಕ್ಕೆ ಮೊದಲೇ ಶಂಶಾಬಾದ್ ಸಿಗುತ್ತದೆ. ವಿಮಾನ ನಿಲ್ದಾಣ ಅಲ್ಲೇ ಇದೆ. ಊರೊಳಗಿನ ವಾಹನದಟ್ಟಣೆಗೆ ಸಿಕ್ಕುವ ಪ್ರಮೇಯವೇ ಇಲ್ಲ. ದುಬೈ, ಬ್ಯಾಂಕಾಕ್, ಸಿಂಗಪುರ, ಕ್ವಾಲಾಲಂಪುರಗಳಿಗೆ ಅಲ್ಲಿಂದ ನೇರ ವಿಮಾನಗಳಿವೆ. ಬೆಂಗಳೂರಿನ ಟಿಕೆಟ್ ಎರಡು ಸಾವಿರ ರೂಪಾಯಿ ಅಗ್ಗ ಎಂದು ಕಂಡರೂ ರಾಯಚೂರು, ಮಾನ್ವಿ, ದೇವದುರ್ಗದವರಿಗೆ ಆ ಉಳಿತಾಯ ದಾರಿಖರ್ಚಿನಲ್ಲೇ ಕರಗುತ್ತದೆ. ಸಿಂಧನೂರಿನವರೂ ಹೈದರಾಬಾದಿನ ದರವನ್ನು ಒಮ್ಮೆ ನೋಡಿಯೇ ಮುಂದುವರಿಯುವುದು ಒಳ್ಳೆಯದು.

ಬಳ್ಳಾರಿ ಮತ್ತು ಕೊಪ್ಪಳದವರಿಗೆ ಬೆಂಗಳೂರೇ ಸರಿ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಕೆಂಪೇಗೌಡ ವಿಮಾನ ನಿಲ್ದಾಣ ಇರುವುದು ನಗರದ ಉತ್ತರಕ್ಕೆ, ದೇವನಹಳ್ಳಿಯ ಬಳಿ. ಬಳ್ಳಾರಿಯಿಂದ ಕಾರಿನಲ್ಲಿ ಹೋಗುವವರು ಚಳ್ಳಕೆರೆ, ಹಿರಿಯೂರು, ತುಮಕೂರು ಹಿಡಿದರೆ ನಗರದ ಅಂಚಿಗೆ ಬಂದು ಮತ್ತೆ ಉತ್ತರಕ್ಕೆ ತಿರುಗಬೇಕಾಗುತ್ತದೆ. ಅನಂತಪುರ, ಪೆನುಕೊಂಡ, ಬಾಗೇಪಲ್ಲಿ, ಚಿಕ್ಕಬಳ್ಳಾಪುರದ ಹೆದ್ದಾರಿಯಲ್ಲಿ ಬಂದರೆ ಬೆಂಗಳೂರಿಗೆ ಮೊದಲೇ ದೇವನಹಳ್ಳಿ ಎದುರಾಗುತ್ತದೆ. ರೈಲಿನವರಿಗೂ ಇದೇ ಮಾತು. ಹಂಪಿ ಎಕ್ಸ್‌ಪ್ರೆಸ್‌ನಂತಹ ಗಾಡಿಗಳು ಗುಂತಕಲ್, ಧರ್ಮಾವರಂ, ಹಿಂದೂಪುರದ ಮೇಲೆ ಬರುವುದರಿಂದ ಯಲಹಂಕ ಮೊದಲು ಬರುತ್ತದೆ. ನಿಮ್ಮ ಗಾಡಿಗೆ ಅಲ್ಲಿ ನಿಲುಗಡೆ ಇದ್ದರೆ ಮೆಜೆಸ್ಟಿಕ್ಕಿನವರೆಗೆ ಹೋಗಿ ಟ್ಯಾಕ್ಸಿಯಲ್ಲಿ ಹಿಂದೆ ಬರುವ ಕಷ್ಟ ತಪ್ಪುತ್ತದೆ.

ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ, ಹೈದರಾಬಾದಿಗೆ ವಿಮಾನ ಹಾರುತ್ತಿದ್ದಾಗ ಆಸೆಯಾಗುವುದು ಸಹಜ. ಆದರೆ ಅದರ ಟಿಕೆಟು ಬೇರೆ, ವಿದೇಶದ ಟಿಕೆಟು ಬೇರೆ ಆಗಿದ್ದರೆ ಮೊದಲ ವಿಮಾನ ತಡವಾದದ್ದಕ್ಕೆ ಎರಡನೆಯ ಕಂಪನಿ ಜವಾಬ್ದಾರಿ ಹೊರುವುದಿಲ್ಲ; ದುಡ್ಡೂ ಹೋಯಿತು, ರಜೆಯೂ ಹೋಯಿತು. ಎರಡರ ನಡುವೆ ಅರ್ಧ ದಿನದ ಬಿಡುವು ಇದ್ದರೆ ಮಾತ್ರ ಅದನ್ನು ನಂಬಿ. ಗೋವಾ ಕೊಪ್ಪಳಕ್ಕೆ ಹತ್ತಿರ ಎನಿಸಿದರೂ ಅಲ್ಲಿಂದ ಹೊರಡುವ ವಿದೇಶಿ ವಿಮಾನಗಳ ಆಯ್ಕೆ ಕಡಿಮೆ, ನಡುವೆ ಘಟ್ಟ ಬೇರೆ.

ಆಗ್ನೇಯ ಏಷ್ಯಾದ ಅಗ್ಗದ ವಿಮಾನಗಳು ಹೆಚ್ಚಾಗಿ ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ ಹೊರಡುತ್ತವೆ. ಇಂತಹ ಟಿಕೆಟಿನಲ್ಲಿ ದಿನಾಂಕವನ್ನು ಎರಡೆರಡು ಬಾರಿ ಓದಿ. 15ನೇ ತಾರೀಖು 00:40 ಎಂದಿದ್ದರೆ ನೀವು ವಿಮಾನ ನಿಲ್ದಾಣದಲ್ಲಿರಬೇಕಾದದ್ದು 14ರ ರಾತ್ರಿ ಒಂಬತ್ತೂವರೆಗೆ. 15ರ ಬೆಳಿಗ್ಗೆ ಊರು ಬಿಟ್ಟರಾಯಿತು ಎಂದುಕೊಂಡರೆ ಮುಗಿಯಿತು. ಅಂಥ ವಿಮಾನಕ್ಕೆ ಊರಿನಿಂದ ಹಗಲಿನಲ್ಲೇ ಹೊರಡಿ. ಹಿರಿಯರಿದ್ದರೆ ಎರಡು ರಾತ್ರಿ ಸತತ ನಿದ್ದೆಗೆಡಿಸಬೇಡಿ: ರಾತ್ರಿ ರೈಲಾದರೆ ಮಧ್ಯಾಹ್ನದ ವಿಮಾನ, ರಾತ್ರಿ ವಿಮಾನವಾದರೆ ಹಗಲಿನ ಪ್ರಯಾಣ. ಟಿಕೆಟ್ ಮಾಡುವಾಗಲೇ ವ್ಹೀಲ್‌ಚೇರ್ ಬೇಕೆಂದು ನಮೂದಿಸಿ. ನಡೆಯಲು ಬರುವವರೂ ಕೇಳಬಹುದು, ನಾಚಿಕೆಪಡುವಂಥದ್ದೇನಿಲ್ಲ. ವಿದೇಶದ ದೊಡ್ಡ ನಿಲ್ದಾಣಗಳಲ್ಲಿ ವಿಮಾನದ ಬಾಗಿಲಿನಿಂದ ವಲಸೆ ಕೌಂಟರಿಗೆ ಅರ್ಧ ಗಂಟೆ ನಡೆಯಬೇಕಾಗಿ ಬರುವುದುಂಟು. ವ್ಹೀಲ್‌ಚೇರಿನ ಜೊತೆಗೆ ಬರುವ ಸಿಬ್ಬಂದಿ ದಾರಿ ತೋರಿಸುವುದೂ ಮೊದಲ ಸಲದವರಿಗೆ ದೊಡ್ಡ ಧೈರ್ಯ.

ಶ್ರೀಲಂಕಾ ಮತ್ತು ಮಲೇಷ್ಯಾ: ನನ್ನ ಮೊದಲ ಎರಡು ಆಯ್ಕೆಗಳು

ತಂದೆತಾಯಿಯನ್ನು ಕರೆದುಕೊಂಡು ಹೊರಡುವವರಿಗೆ ನಾನು ಶ್ರೀಲಂಕಾವನ್ನೇ ಮೊದಲು ಹೇಳುವುದು. ವಿಮಾನದಲ್ಲಿ ಕೂರುವ ಹೊತ್ತು ಕಡಿಮೆ. ಗಡಿಯಾರ ತಿರುಗಿಸುವ ಗೊಡವೆಯಿಲ್ಲ, ನಮ್ಮ ಸಮಯವೇ ಅಲ್ಲಿಯೂ. ಮೂರು ಹೊತ್ತೂ ಅನ್ನ ಸಿಗುತ್ತದೆ, ಬೆಳಿಗ್ಗೆ ಅಕ್ಕಿಶಾವಿಗೆಯಂತಹ ಇಡಿಯಪ್ಪ ಸಿಗುತ್ತದೆ. ಇನ್ನು ಕಿಷ್ಕಿಂಧೆಯ ನೆಲದವರಿಗೆ ಆ ದ್ವೀಪ ಪೂರ್ತಿ ಪರದೇಶವೂ ಅಲ್ಲ. ನುವರ ಎಲಿಯದ ಸಮೀಪ ಸೀತಾ ಎಲಿಯ ಎಂಬಲ್ಲಿ ತೊರೆಯ ದಡದಲ್ಲೇ ಸೀತಮ್ಮನ ಗುಡಿಯಿದೆ. ಅಶೋಕವನ ಇದೇ ಎಂದು ನಂಬುತ್ತಾರೆ. ತೊರೆಯ ಬಂಡೆಯ ಮೇಲಿನ ತಗ್ಗುಗಳನ್ನು ಹನುಮನ ಹೆಜ್ಜೆಗಳೆಂದು ತೋರಿಸುತ್ತಾರೆ. ಅಂಜನಾದ್ರಿಗೆ ಕೈಮುಗಿದು ಬೆಳೆದ ಗಂಗಾವತಿ, ಆನೆಗೊಂದಿ ಕಡೆಯ ಹಿರಿಯರಿಗೆ ಆ ಬಂಡೆಯ ಮುಂದೆ ನಿಲ್ಲುವುದು ಯಾವ ಎತ್ತರದ ಕಟ್ಟಡವೂ ಕೊಡಲಾರದ ಸಂತೋಷ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಕಷ್ಟಗಳೂ ಇವೆ. ದೂರ ಕಿಲೋಮೀಟರಿನಲ್ಲಿ ಸಣ್ಣದು, ಗಂಟೆಯಲ್ಲಿ ದೊಡ್ಡದು. ಕೊಲಂಬೊದಿಂದ ಕ್ಯಾಂಡಿ ನೂರಿಪ್ಪತ್ತು ಕಿಲೋಮೀಟರಿನೊಳಗೇ ಇದ್ದರೂ ಮೂರು ಗಂಟೆಗೆ ಮೇಲಾಗುತ್ತದೆ, ಅಲ್ಲಿಂದ ನುವರ ಎಲಿಯದವರೆಗೆ ತಿರುವುಗಳ ಘಟ್ಟದ ರಸ್ತೆ. ಕಾರಿನಲ್ಲಿ ವಾಂತಿಯಾಗುವವರಿದ್ದರೆ ಮಾತ್ರೆ ಜೊತೆಗಿರಲಿ. ಊರು ಸುಮಾರು 1,870 ಮೀಟರ್ ಎತ್ತರದಲ್ಲಿದೆ. ಬಳ್ಳಾರಿಯ ಬಿಸಿಲಿಗೆ ಒಗ್ಗಿದ ಮೈಗೆ ಅಲ್ಲಿಯ ರಾತ್ರಿ ನಡುಕ ಹುಟ್ಟಿಸುತ್ತದೆ, ಸ್ವೆಟರ್ ಮರೆಯಬೇಡಿ. ವಿಮಾನ ಇಳಿಯುವುದು ಕೊಲಂಬೊ ನಗರದಲ್ಲಿ ಅಲ್ಲ, ಉತ್ತರಕ್ಕಿರುವ ಕಟುನಾಯಕದಲ್ಲಿ. ಮೊದಲ ರಾತ್ರಿ ಪಕ್ಕದ ನೆಗೊಂಬೊದಲ್ಲಿ ತಂಗಿ, ಬೆಳಿಗ್ಗೆ ನೇರ ಕ್ಯಾಂಡಿಗೆ ಹೊರಟರೆ ಕೊಲಂಬೊದ ವಾಹನಸಂದಣಿಯೇ ತಪ್ಪುತ್ತದೆ.

ಸಿಗಿರಿಯಾ ಬಂಡೆಕೋಟೆಯನ್ನು ಎಲ್ಲ ಪ್ಯಾಕೇಜುಗಳೂ ಸೇರಿಸುತ್ತವೆ. ಅಂಜನಾದ್ರಿಯ ಮೆಟ್ಟಿಲು 575 ಎನ್ನುತ್ತಾರೆ. ಸಿಗಿರಿಯಾದ್ದು ಸುಮಾರು 1,200. ಅಂಜನಾದ್ರಿಯಲ್ಲಿ ಅರ್ಧದಾರಿಗೆ ಕೂತವರನ್ನು ಅಲ್ಲಿ ಹತ್ತಿಸಬೇಡಿ. ಅವರನ್ನು ಕೆಳಗಿನ ಉದ್ಯಾನದಲ್ಲಿ ಕೂರಿಸಿ ಉಳಿದವರು ಬೆಳಿಗ್ಗೆ ಏಳಕ್ಕೇ ಹತ್ತಲು ಶುರುಮಾಡಿ. ಸಸ್ಯಾಹಾರಿಗಳು ಗಮನಿಸಬೇಕಾದದ್ದು ಪೋಲ್ ಸಂಬೋಲ ಎಂಬ ಕಾಯಿಚಟ್ನಿ. ನೋಡಲು ನಮ್ಮ ಚಟ್ನಿಯಂತೆಯೇ ಇದ್ದರೂ ಅದರಲ್ಲಿ ಒಣಮೀನಿನ ಪುಡಿ ಬೆರೆಸಿರುವುದೇ ಹೆಚ್ಚು. ಪಲ್ಯಕ್ಕೂ ಹಾಕುತ್ತಾರೆ. ಕೇಳಿಯೇ ತಿನ್ನಿ. ತಮಿಳರ ಶುದ್ಧ ಸಸ್ಯಾಹಾರಿ ಹೋಟೆಲುಗಳಿಗೆ ಸೈವ ಎನ್ನುವ ಹೆಸರಿದೆ, ಅಲ್ಲಿ ಭಯವಿಲ್ಲ. ಬುದ್ಧನ ವಿಗ್ರಹಕ್ಕೆ ಬೆನ್ನು ತೋರಿಸಿ ಫೋಟೊ ತೆಗೆಸಿಕೊಳ್ಳುವುದನ್ನು ಅಲ್ಲಿಯವರು ಅವಮಾನವೆಂದೇ ತಿಳಿಯುತ್ತಾರೆ.

ಮಲೇಷ್ಯಾದ ಬಲ ಬೇರೆ. ಮಕ್ಕಳಿದ್ದವರಿಗೆ, ಗುಡಿಗಿಂತ ನಗರದ ಬೆಡಗು ನೋಡಬೇಕೆನ್ನುವವರಿಗೆ ಅದು ಶ್ರೀಲಂಕಾಗಿಂತ ಮೇಲು. ರಸ್ತೆ, ರೈಲು, ಶೌಚಾಲಯ ಯಾವುದರಲ್ಲೂ ತೊಂದರೆಯಿಲ್ಲ. ಒಂದೇ ಹೋಟೆಲಿನಲ್ಲಿ ಉಳಿದು ನಾಲ್ಕು ದಿನ ಸುತ್ತಬಹುದು. ದಿನಕ್ಕೊಂದು ಊರಿನಂತೆ ಗಂಟುಮೂಟೆ ಕಟ್ಟುವ ಕೆಲಸವಿಲ್ಲ ಎಂಬುದು ಮಗು ಇರುವ ತಾಯಿಗೆ ಎಷ್ಟು ದೊಡ್ಡ ಸೌಕರ್ಯವೆಂದು ಗಂಡಸರಿಗೆ ಒಮ್ಮೊಮ್ಮೆ ಹೊಳೆಯುವುದಿಲ್ಲ. ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸ್ ಬಡಾವಣೆಯಲ್ಲಿ ಬಾಳೆಎಲೆ ಊಟ, ದೋಸೆ, ಇಡ್ಲಿ ಎಲ್ಲವೂ ಇವೆ. ಬಟು ಗುಹೆಗಳ ಮುರುಗನ ದೇವಸ್ಥಾನಕ್ಕೆ 272 ಮೆಟ್ಟಿಲು, ಅಂಜನಾದ್ರಿಯ ಅರ್ಧಕ್ಕಿಂತ ಕಡಿಮೆ. ಆದರೆ ಕಡಿದಾಗಿವೆ, ಕೋತಿಗಳ ಕಾಟವಂತೂ ನಮ್ಮ ಹಂಪಿಯಷ್ಟೇ. 2023ರ ಡಿಸೆಂಬರಿನಿಂದ ಮಲೇಷ್ಯಾ ಭಾರತೀಯ ಪ್ರವಾಸಿಗರಿಗೆ 30 ದಿನಗಳವರೆಗೆ ವೀಸಾ ವಿನಾಯಿತಿ ಕೊಟ್ಟಿತು. ವೀಸಾ ಬೇಡವೆಂದರೂ ಅಲ್ಲಿ ಇಳಿಯುವ ಮುನ್ನಿನ ಮೂರು ದಿನಗಳೊಳಗೆ ಆನ್‌ಲೈನಿನಲ್ಲಿ ಆಗಮನ ಪತ್ರ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ. ಶುಲ್ಕ ಕೇಳುವ ತಾಣ ಕಂಡರೆ ಅದು ದಲ್ಲಾಳಿಯದು, ಮುಚ್ಚಿಬಿಡಿ.

ಕಾಲವನ್ನೂ ನೋಡಬೇಕು. ಬೇಸಿಗೆ ರಜೆ ಮುಗಿಯುತ್ತ ಬಂದ ಮೇಯಲ್ಲಿ ಹೊರಡುವುದಾದರೆ ಶ್ರೀಲಂಕಾದ ಪಶ್ಚಿಮ ಮತ್ತು ನೈಋತ್ಯ ಭಾಗಕ್ಕೆ ಮುಂಗಾರು ಬಂದಿರುತ್ತದೆ. ಕ್ಯಾಂಡಿ, ನುವರ ಎಲಿಯಕ್ಕೆ ಜನವರಿಯಿಂದ ಏಪ್ರಿಲ್ ಮೊದಲ ವಾರದವರೆಗೆ ಒಳ್ಳೆಯ ಹೊತ್ತು. ತುಂಗಭದ್ರಾ ಅಚ್ಚುಕಟ್ಟಿನ ರೈತ ಕುಟುಂಬಗಳಿಗೂ ಮುಂಗಾರಿನ ಭತ್ತ ಮನೆ ಸೇರಿದ ಮೇಲಿನ ಜನವರಿ ಸರಿಹೊಂದಬಹುದು. ಮಲೇಷ್ಯಾದಲ್ಲಿ ವರ್ಷವಿಡೀ ಸಂಜೆ ಮಳೆಯೇ. ಕೊಡೆ ಹಿಡಿದರೆ ಯಾವ ತಿಂಗಳಾದರೂ ನಡೆಯುತ್ತದೆ.

ಥಾಯ್ಲೆಂಡ್, ದುಬೈ, ಸಿಂಗಪುರ

ಗೆಳೆಯರು ಸೇರಿ ಹೊರಟಿದ್ದರೆ, ಹೊಸದಾಗಿ ಮದುವೆಯಾದವರಾಗಿದ್ದರೆ ಥಾಯ್ಲೆಂಡ್ ಕೊಡುವಷ್ಟು ವೈವಿಧ್ಯವನ್ನು ಆ ಖರ್ಚಿಗೆ ಬೇರೆ ದೇಶ ಕೊಡುವುದು ಕಷ್ಟ. 2024ರ ಜುಲೈನಲ್ಲಿ ಭಾರತೀಯರಿಗೆ 60 ದಿನಗಳ ವೀಸಾ ವಿನಾಯಿತಿ ಘೋಷಿಸಿತು. 2025ರ ಮೇ 1ರಿಂದ ಡಿಜಿಟಲ್ ಆಗಮನ ಪತ್ರವನ್ನು ಕಡ್ಡಾಯ ಮಾಡಿದೆ. ಇಂತಹ ನಿಯಮಗಳು ಪದೇ ಪದೇ ಬದಲಾಗುವುದರಿಂದ ಟಿಕೆಟಿಗೆ ದುಡ್ಡು ಕಟ್ಟುವ ದಿನವೇ ಆ ದೇಶದ ರಾಯಭಾರ ಕಚೇರಿಯ ತಾಣ ನೋಡಿ. ಬ್ಯಾಂಕಾಕಿನಲ್ಲಿ ಎರಡು ವಿಮಾನ ನಿಲ್ದಾಣಗಳಿವೆ, ಸುವರ್ಣಭೂಮಿ ಮತ್ತು ಡಾನ್ ಮುಯಾಂಗ್. ಒಂದರಲ್ಲಿ ಇಳಿದು ಇನ್ನೊಂದರಿಂದ ಫುಕೆಟ್‌ಗೆ ಹಾರುವ ಟಿಕೆಟ್ ಮಾಡಿಸಿಕೊಂಡರೆ ಊರಿಡೀ ದಾಟಬೇಕಾಗುತ್ತದೆ. ಅರಮನೆಯ ಹತ್ತಿರ ಯಾರಾದರೂ ಬಂದು ಇವತ್ತು ಅರಮನೆ ಮುಚ್ಚಿದೆ, ಬೇರೆ ಗುಡಿ ತೋರಿಸುತ್ತೇನೆ ಎಂದರೆ ನಂಬಬೇಡಿ. ಸವಾರಿ ಕೊನೆಗೆ ಹರಳಿನ ಅಂಗಡಿಯಲ್ಲಿ ನಿಲ್ಲುತ್ತದೆ.

ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಮಾತ್ರ ಥಾಯ್ಲೆಂಡನ್ನು ಮೊದಲ ಪ್ರವಾಸಕ್ಕೆ ನಾನು ಹೇಳುವುದಿಲ್ಲ. ತರಕಾರಿ ಪದಾರ್ಥಕ್ಕೂ ಮೀನಿನ ಸಾಸ್ ಹಾಕುವುದು ಅಲ್ಲಿಯ ರೂಢಿ. ಹೋಗುವುದೇ ಆದರೆ ‘ಜೇ’ ಎಂಬ ಮಾತು ನೆನಪಿಡಿ, ಹಳದಿ ಬಾವುಟದ ಮೇಲೆ ಕೆಂಪು ಅಕ್ಷರವಿರುವ ಅಂಗಡಿ ಹುಡುಕಿ. ಅಲ್ಲಿ ಮಾಂಸವಾಗಲಿ ಮೀನಾಗಲಿ ಇರುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಇನ್ನೊಂದು ಮಾತನ್ನು ಯುವಕರಿಗೆ ಕಳಕಳಿಯಿಂದ ಹೇಳುತ್ತೇನೆ: ಪ್ರವಾಸಿ ವೀಸಾದಲ್ಲಿ ಥಾಯ್ಲೆಂಡಿಗೆ ಬಾ, ಅಲ್ಲಿ ಕಂಪ್ಯೂಟರ್ ಕೆಲಸ ಕೊಡಿಸುತ್ತೇವೆ ಎಂದು ಟಿಕೆಟನ್ನೂ ಕಳಿಸುವವರಿದ್ದಾರೆ. ಹಾಗೆ ಹೋದವರನ್ನು ಮ್ಯಾನ್ಮಾರಿಗೆ ಸಾಗಿಸಿ ಆನ್‌ಲೈನ್ ವಂಚನೆಯ ಕೆಲಸಕ್ಕೆ ದೂಡಿದ ಪ್ರಕರಣಗಳ ಬಗ್ಗೆ ವಿದೇಶಾಂಗ ಸಚಿವಾಲಯವೇ 2022ರಿಂದ ಎಚ್ಚರಿಕೆ ಕೊಡುತ್ತ ಬಂದಿದೆ. ಬೇರೆಯವರು ಕೊಡಿಸುವ ಟಿಕೆಟಿನಲ್ಲಿ ಮೊದಲ ವಿದೇಶ ಪ್ರವಾಸ ಬೇಡ.

ದುಬೈಯಲ್ಲಿ ನಿಮ್ಮ ಅಕ್ಕನೋ ಭಾವನೋ ಇದ್ದರೆ ಉಳಿದ ಹೋಲಿಕೆಯೆಲ್ಲ ಅನಗತ್ಯ, ಅಲ್ಲಿಗೇ ಹೋಗಿ. ಬುರ್ ದುಬೈ, ಕರಾಮಾ ಬಡಾವಣೆಗಳಲ್ಲಿ ದಕ್ಷಿಣ ಭಾರತದ ಊಟಕ್ಕೆ ಬರವಿಲ್ಲ. ಅಬುಧಾಬಿಯಲ್ಲಿ 2024ರ ಫೆಬ್ರುವರಿಯಲ್ಲಿ ತೆರೆದ ಕಲ್ಲಿನ ಹಿಂದೂ ಮಂದಿರವನ್ನು ಹಿರಿಯರಿಗೆ ತೋರಿಸಬಹುದು. ನವೆಂಬರಿನಿಂದ ಮಾರ್ಚ್‌ವರೆಗೆ ಹೋಗಬೇಕು. ರಾಯಚೂರಿನ ಬಿಸಿಲನ್ನೇ ತಡೆದವರು ನಾವು ಎಂದು ಮೇ ಜೂನಿನಲ್ಲಿ ಹೊರಟರೆ ಸಮುದ್ರದ ಶೆಕೆಯೂ ಸೇರಿ ಮಾಲ್ ಬಿಟ್ಟು ಹೊರಗೆ ಕಾಲಿಡಲಾಗುವುದಿಲ್ಲ.

ಸಿಂಗಪುರ ಅಚ್ಚುಕಟ್ಟಾದ ದೇಶ, ಮಕ್ಕಳಿಗೆ ಸ್ವರ್ಗ. ಆದರೆ ವೀಸಾ ಬೇಕು, ಅದನ್ನು ಅಧಿಕೃತ ಏಜೆಂಟರ ಮೂಲಕವೇ ಹಾಕಬೇಕು, ಹೋಟೆಲಿನ ಕೋಣೆ ಚಿಕ್ಕದು ಮತ್ತು ದುಬಾರಿ. ಮಲೇಷ್ಯಾಕ್ಕೆ ಎರಡು ದಿನ ಅಂಟಿಸಿಕೊಂಡು ನೋಡುವುದು ಜಾಣತನ. ಬಾಲಿ, ವಿಯೆಟ್ನಾಂ ಎರಡಕ್ಕೂ ವೀಸಾ ಕೆಲಸ ಸುಲಭವೇ. ಆದರೂ ಅವು ಒಮ್ಮೆ ಹೊರಗೆ ಓಡಾಡಿ ಬಂದವರಿಗೆ ಹೆಚ್ಚು ಸವಿ ಎಂದು ನನ್ನ ಅಭಿಪ್ರಾಯ. ಯುರೋಪನ್ನು ಮೊದಲ ಪ್ರವಾಸಕ್ಕೆ ಇಟ್ಟುಕೊಳ್ಳಬೇಡಿ. ಅಲ್ಲಿಯ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಬೆರಳಚ್ಚು ಕೊಡಲು ಚಿಕ್ಕ ಮಕ್ಕಳನ್ನು ಬಿಟ್ಟು ಉಳಿದವರು ಬೆಂಗಳೂರಿಗೆ ಹೋಗಬೇಕು, ವಯಸ್ಕರಿಗೆ ತಲಾ 90 ಯೂರೊ ಶುಲ್ಕ, 30,000 ಯೂರೊ ಮೊತ್ತದ ವಿಮೆ ಕಡ್ಡಾಯ. ಇಷ್ಟಾದರೂ ಅರ್ಜಿ ತಿರಸ್ಕೃತವಾದರೆ ಶುಲ್ಕ ವಾಪಸಿಲ್ಲ.

ಪಾಸ್‌ಪೋರ್ಟ್ ಇಲ್ಲದ ಹಿರಿಯರಿಗೆ ನೇಪಾಳ

ನೇಪಾಳಕ್ಕೆ ಭಾರತೀಯರಿಗೆ ವೀಸಾ ಇಲ್ಲ, ಮತದಾರರ ಗುರುತಿನ ಚೀಟಿ ಇದ್ದರೆ ವಿಮಾನದಲ್ಲೂ ಹೋಗಬಹುದು. ಹದಿನೈದರೊಳಗಿನ ಮಕ್ಕಳು ಮತ್ತು ಅರವತ್ತೈದು ದಾಟಿದವರನ್ನು ಬಿಟ್ಟು ಉಳಿದವರಿಗೆ ಆಧಾರ್ ಸಾಲದು ಎಂಬುದನ್ನು ಮಾತ್ರ ಮರೆಯಬೇಡಿ. ನಮ್ಮ ಒಂದು ರೂಪಾಯಿಗೆ ಅಲ್ಲಿಯ ಒಂದು ರೂಪಾಯಿ ಅರವತ್ತು ಪೈಸೆ ಎಂದು ದರ ನಿಗದಿಯಾಗಿಯೇ ಇದೆ. ನೂರರ ನೋಟುಗಳನ್ನು ಒಯ್ದರೆ ತಕರಾರಿಲ್ಲ. ಪಶುಪತಿನಾಥನ ಪೂಜೆ ಮಾಡುವ ಭಟ್ಟರು ಕರ್ನಾಟಕ ಮೂಲದವರು. ಅಷ್ಟು ದೂರದ ಗರ್ಭಗುಡಿಯಲ್ಲಿ ನಮ್ಮ ನಾಡಿನವರನ್ನು ಕಂಡಾಗ ಹಿರಿಯರ ಮುಖ ಅರಳುತ್ತದೆ. ಕಾಶಿಯಾತ್ರೆಗೆ ಹೊರಟವರು ಗೋರಖಪುರ, ಸುನೌಲಿ ಮೂಲಕ ರಸ್ತೆಯಲ್ಲೇ ದಾಟಿ ಎರಡನ್ನೂ ಮುಗಿಸಿಕೊಂಡು ಬರುವ ರೂಢಿ ಹಿಂದಿನಿಂದಲೂ ಇದೆ.

ಮುಕ್ತಿನಾಥದ ವಿಷಯದಲ್ಲಿ ಎಚ್ಚರ. ಅದು 3,700 ಮೀಟರಿಗೂ ಎತ್ತರ, ಕಠ್ಮಂಡು ಸುಮಾರು 1,400. ಹೃದಯದ ತೊಂದರೆ, ಉಬ್ಬಸ ಇರುವವರು ವೈದ್ಯರನ್ನು ಕೇಳದೆ ಹೊರಡಬಾರದು. ಕೇಳಿ ಹೊರಟವರೂ ನಡುವೆ ಒಂದೆರಡು ರಾತ್ರಿ ತಂಗಿ ಮೈ ಒಗ್ಗಿಸಿಕೊಳ್ಳಬೇಕು. ಅಕ್ಟೋಬರ್, ನವೆಂಬರಿನಲ್ಲಿ ಹಿಮಾಲಯ ನಿಚ್ಚಳವಾಗಿ ಕಾಣುತ್ತದೆ. ನಮ್ಮ ದಸರಾ ರಜೆಯೇ ಅವರ ದಶೈಂ ಹಬ್ಬವೂ ಆದ್ದರಿಂದ ಆ ವಾರ ಅಂಗಡಿಗಳು ಮುಚ್ಚಿರುತ್ತವೆ, ಬಸ್ಸುಗಳು ಕಿಕ್ಕಿರಿದಿರುತ್ತವೆ. ಭೂತಾನಿಗೂ ಮತದಾರರ ಚೀಟಿ ಸಾಕು. ಅಲ್ಲಿ ಭಾರತೀಯರಿಗೆ ದಿನಕ್ಕೆ ತಲಾ 1,200 ರೂಪಾಯಿ ಶುಲ್ಕವಿದೆ, ನಮ್ಮೂರಿನಿಂದ ದಾರಿಯೂ ಬಲು ದೂರ.

ಪ್ಯಾಕೇಜೋ ಸ್ವಂತ ಯೋಜನೆಯೋ

ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಬಲ್ಲ, ಮೊಬೈಲಿನಲ್ಲಿ ನಕ್ಷೆ ನೋಡಬಲ್ಲ ಒಬ್ಬರು ಮನೆಯಲ್ಲಿದ್ದರೆ ಮಲೇಷ್ಯಾ, ಸಿಂಗಪುರ, ದುಬೈಗಳಿಗೆ ಪ್ಯಾಕೇಜ್ ಬೇಕಿಲ್ಲ. ಶ್ರೀಲಂಕಾಕ್ಕೆ ನಡುವಿನ ದಾರಿ ಒಳ್ಳೆಯದು: ವಿಮಾನ, ಹೋಟೆಲು ನೀವೇ ಮಾಡಿಕೊಂಡು ಅಷ್ಟೂ ದಿನಕ್ಕೆ ಕಾರು ಮತ್ತು ಚಾಲಕನನ್ನು ಗೊತ್ತುಮಾಡಿಕೊಳ್ಳುವುದು. ಅಜ್ಜಿಗೆ ಸುಸ್ತಾದರೆ ಅರ್ಧಕ್ಕೇ ವಾಪಸಾಗುವ ಸ್ವಾತಂತ್ರ್ಯ ನಿಮ್ಮ ಕೈಯಲ್ಲಿರುತ್ತದೆ.

ನಲವತ್ತು ಜನರ ಗುಂಪಿನಲ್ಲಿ ಹೋಗುವ ಪ್ಯಾಕೇಜನ್ನು ಹೀಗಳೆಯುವವರ ಪೈಕಿ ನಾನಲ್ಲ. ಮಕ್ಕಳು ಜೊತೆಗೆ ಬರಲಾಗದ ಅರವತ್ತರ ದಂಪತಿಗೆ, ಕನ್ನಡ ಬಿಟ್ಟು ಬೇರೆ ಭಾಷೆ ಬಾರದವರಿಗೆ ಕನ್ನಡ ಮಾತಾಡುವ ಪ್ರವಾಸ ನಿರ್ವಾಹಕ, ಸಂಜೆಗೆ ಬಿಸಿ ಅನ್ನಸಾರು ಇವೆರಡೂ ಹಣಕ್ಕೆ ಮೀರಿದ ಬೆಲೆಯುಳ್ಳವು. ಮುಂಗಡ ಕೊಡುವ ಮೊದಲು ದಿನವಹಿ ಪಟ್ಟಿಯನ್ನು ಬರಹದಲ್ಲಿ ಕೇಳಿ ಪಡೆಯಿರಿ. ಹೋಟೆಲಿನ ಹೆಸರಿದೆಯೇ, ಅಥವಾ ‘ಅದೇ ದರ್ಜೆಯ ಹೋಟೆಲ್’ ಎಂದಷ್ಟೇ ಬರೆದಿದೆಯೇ? ಹೋಟೆಲ್ ಊರೊಳಗಿದೆಯೇ, ಇಪ್ಪತ್ತು ಕಿಲೋಮೀಟರ್ ಹೊರಗಿದೆಯೇ? ಮಧ್ಯಾಹ್ನದ ಊಟ ಸೇರಿದೆಯೇ? ಅಂಗಡಿಗಳಿಗೆಂದೇ ಎಷ್ಟು ನಿಲುಗಡೆ? ವೀಸಾ, ವಿಮೆ, ಜಿಎಸ್‌ಟಿ ಹೇಳಿದ ದರದಲ್ಲಿವೆಯೇ? ವಿದೇಶ ಪ್ಯಾಕೇಜಿನ ಮೇಲೆ ಟಿಸಿಎಸ್ ಎಂಬ ತೆರಿಗೆಯನ್ನೂ ಹಿಡಿಯುತ್ತಾರೆ. ಅದು ಕಳೆದುಹೋಗುವ ಹಣವಲ್ಲ, ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿ ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಾಣಿಕೆಯಾಗುತ್ತದೆ. ಈ ಮಾತನ್ನು ಸ್ಪಷ್ಟವಾಗಿ ಹೇಳದ ಏಜೆಂಟರಿಂದ ದೂರವಿರಿ.

ಪಾಸ್‌ಪೋರ್ಟಿನಲ್ಲಿ ಹೆಸರು

36 ಪುಟಗಳ ಸಾಮಾನ್ಯ ಪಾಸ್‌ಪೋರ್ಟಿಗೆ ವಯಸ್ಕರ ಶುಲ್ಕ 1,500 ರೂಪಾಯಿ, ತತ್ಕಾಲಕ್ಕೆ ಇನ್ನೂ 2,000. ಶುಲ್ಕ ದೊಡ್ಡ ಸಂಗತಿಯಲ್ಲ, ಹೆಸರೇ ದೊಡ್ಡದು. ನಮ್ಮ ಕಡೆ ಹುಲಿಗೆಮ್ಮ, ಯಂಕಪ್ಪ, ದೇವಮ್ಮ ಎಂದು ಒಂಟಿ ಹೆಸರಿನ ಹಿರಿಯರು ಬಹಳ. ಆಧಾರಿನಲ್ಲೂ ಹಾಗೆಯೇ ಇರುತ್ತದೆ, ಪಾಸ್‌ಪೋರ್ಟಿನ ಉಪನಾಮದ ಸಾಲು ಖಾಲಿ ಬಿಡುತ್ತಾರೆ. 2022ರ ನವೆಂಬರಿನಿಂದ ದುಬೈ, ಅಬುಧಾಬಿ ಸೇರಿರುವ ಸಂಯುಕ್ತ ಅರಬ್ ಸಂಸ್ಥಾನವು ಇಂತಹ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡುವುದನ್ನು ನಿರ್ಬಂಧಿಸಿದೆ. ಆದ್ದರಿಂದ ಹೊಸದಾಗಿ ಅರ್ಜಿ ಹಾಕುವಾಗಲೇ ಆಧಾರ್ ತಿದ್ದಿಸಿ, ಮನೆತನದ ಹೆಸರನ್ನೋ ತಂದೆಯ ಹೆಸರನ್ನೋ ಉಪನಾಮವಾಗಿ ಸೇರಿಸಿ. ವಿಮಾನದ ಟಿಕೆಟಿನಲ್ಲಿ ಪಾಸ್‌ಪೋರ್ಟಿನ ಅಕ್ಷರಗಳೇ ಇರಬೇಕು. ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಕೌಂಟರಿನಲ್ಲಿ ತಡೆಯಬಹುದು.

ಹತ್ತನೇ ತರಗತಿ ಪಾಸಾಗದ ಹಲವರ ಪಾಸ್‌ಪೋರ್ಟಿನಲ್ಲಿ ಇಸಿಆರ್ (ವಲಸೆ ತಪಾಸಣೆ ಬೇಕು) ಎಂಬ ನಮೂದು ಇರುತ್ತದೆ. ಅದನ್ನು ಕಂಡು ಹೆದರಬೇಕಿಲ್ಲ. ಆ ನಿರ್ಬಂಧ 18 ದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ ಮಾತ್ರ. ಪ್ರವಾಸಿಗರು ವಾಪಸು ಟಿಕೆಟ್ ಮತ್ತು ಹೋಟೆಲ್ ಕಾಯ್ದಿರಿಸಿದ ಕಾಗದವನ್ನು ಕೈಯಲ್ಲೇ ಇಟ್ಟುಕೊಳ್ಳಬೇಕು. ಪ್ರವಾಸದ ದಿನಕ್ಕೆ ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಿರಬೇಕು. ಶಾಲಾ ಶಿಕ್ಷಕರು, ಸರ್ಕಾರಿ ನೌಕರರು ಇಲಾಖೆಯ ಪೂರ್ವಾನುಮತಿಗೆ ಎರಡು ಮೂರು ತಿಂಗಳ ಮೊದಲೇ ಅರ್ಜಿ ಕೊಟ್ಟುಬಿಡಿ.

ನೋಟು, ಕಾರ್ಡು

ಒಟ್ಟು ಖರ್ಚಿನ ಕಾಲುಭಾಗವನ್ನು ನೋಟಿನಲ್ಲಿ, ಉಳಿದದ್ದನ್ನು ವಿದೇಶಿ ಹಣ ಮೊದಲೇ ತುಂಬಿಸಿಕೊಳ್ಳುವ ಬ್ಯಾಂಕಿನ ಫಾರೆಕ್ಸ್ ಕಾರ್ಡಿನಲ್ಲಿ ಒಯ್ಯುವುದು ಮೊದಲ ಸಲಕ್ಕೆ ಸರಿಯಾದ ಹಂಚಿಕೆ. ಸಾಮಾನ್ಯ ಡೆಬಿಟ್, ಕ್ರೆಡಿಟ್ ಕಾರ್ಡುಗಳು ಪ್ರತಿ ವ್ಯವಹಾರಕ್ಕೂ ಶೇ 3.5ರವರೆಗೆ ಹೆಚ್ಚುವರಿ ಕತ್ತರಿಸುತ್ತವೆ. ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಪಾವತಿಸುವಿರಾ’ ಎಂದು ಕೇಳಿದರೆ ಬೇಡವೆಂದು ಆ ದೇಶದ ಹಣವನ್ನೇ ಆರಿಸಿ, ಇಲ್ಲವಾದರೆ ಕೈ ಕಚ್ಚುತ್ತದೆ. ವಿಮಾನ ನಿಲ್ದಾಣದಲ್ಲಿ ನೋಟು ಬದಲಾಯಿಸುವುದು ಕೊನೆಯ ಉಪಾಯ. ಊರಿನ ಸಿಮ್ಮನ್ನು ಕಿತ್ತೆಸೆಯಬೇಡಿ, ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ.

ಬ್ಯಾಗಿಗೆ ಹಾಕುವ ಬುತ್ತಿ

ನಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ವಿದೇಶ ಪ್ರವಾಸಕ್ಕೆಂದೇ ಹುಟ್ಟಿದಂಥವು. ಕೆಡುವುದಿಲ್ಲ, ಸೋರುವುದಿಲ್ಲ, ಹಾಲು ಮಾಂಸದ ತಂಟೆಯಿಲ್ಲ. ಪುಡಿಗಳನ್ನು ತಪಾಸಣೆಗೆ ಕೊಡುವ ದೊಡ್ಡ ಬ್ಯಾಗಿನಲ್ಲಿಡಿ, ಉಪ್ಪಿನಕಾಯಿ ತುಪ್ಪವನ್ನೂ ಅದರಲ್ಲೇ. ಒಣಕೊಬ್ಬರಿ ಎಣ್ಣೆಯ ಅಂಶದಿಂದ ಬೇಗ ಹೊತ್ತಿಕೊಳ್ಳುವುದರಿಂದ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ದುಬೈಗೋ ಸಿಂಗಪುರಕ್ಕೋ ಹೊರಟಿದ್ದರೆ ಡಬ್ಬಿಯನ್ನು ಇನ್ನೊಮ್ಮೆ ತೆರೆದು ನೋಡಿ. ಅಲ್ಲಿ ಗಸಗಸೆ ನಿಷಿದ್ಧ, ಮಾದಕ ವಸ್ತುವಿನ ಪಟ್ಟಿಗೆ ಸೇರುತ್ತದೆ. ನಮ್ಮ ಕರ್ಜಿಕಾಯಿಯ ಹೂರಣದಲ್ಲಿ, ಅನಾರಸದ ಮೇಲ್ಮೈಯಲ್ಲಿ, ಮಸಾಲೆ ಪುಡಿಯಲ್ಲಿ ಅದೇ ಇರುತ್ತದೆ. ಅಕ್ಕನ ಮನೆಗೆಂದು ಅಕ್ಕರೆಯಿಂದ ಕಟ್ಟಿದ ಕರ್ಜಿಕಾಯಿ ಡಬ್ಬಿ ಅಲ್ಲಿಯ ಕಸ್ಟಮ್ಸ್‌ನವರ ಕಣ್ಣಿಗೆ ಬೇರೆಯದೇ ವಸ್ತು. ಗಸಗಸೆ ಹಾಕದೆ ಎಳ್ಳು, ಪುಟಾಣಿ, ಬೆಲ್ಲದಲ್ಲಿ ಮಾಡಿ ಒಯ್ಯಿರಿ. ದುಬೈಗೆ ವೀಳ್ಯದೆಲೆಯೂ ಬೇಡ, ಸಿಂಗಪುರಕ್ಕೆ ಗುಟ್ಕಾ, ಜಗಿಯುವ ತಂಬಾಕು, ಚೂಯಿಂಗ್ ಗಮ್ ಬೇಡ. ಊಟವಾದ ಮೇಲೆ ಎಲೆಯಡಿಕೆ ಬೇಕೇ ಬೇಕೆನ್ನುವ ಹಿರಿಯರಿಗೆ ಇದನ್ನು ಊರಿನಲ್ಲೇ ತಿಳಿಸಿ ಹೇಳಿ.

ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ತುಂಬಬೇಡಿ. ಅಂಗಡಿಯಲ್ಲಿ ಕೊಟ್ಟ ಸ್ಟ್ರಿಪ್ಪಿನಲ್ಲೇ, ವೈದ್ಯರ ಇಂಗ್ಲಿಷ್ ಚೀಟಿಯ ಜೊತೆಗೆ, ಬೇಕಾದದ್ದಕ್ಕಿಂತ ಒಂದು ವಾರ ಹೆಚ್ಚಿಗೆ ಕೈಚೀಲದಲ್ಲಿರಲಿ. ಟ್ರಮಡಾಲ್‌ನಂತಹ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ಪುಗಳಿಗೆ ದುಬೈಯಲ್ಲಿ ಕಟ್ಟುನಿಟ್ಟಿನ ನಿಯಂತ್ರಣವಿದೆ. ಪ್ರವಾಸ ವಿಮೆ ಮಾಡಿಸುವಾಗ ಹಳೆಯ ಕಾಯಿಲೆಗಳನ್ನು ಮುಚ್ಚಿಡಬೇಡಿ; ಮುಚ್ಚಿಟ್ಟರೆ ಆಸ್ಪತ್ರೆ ಸೇರಿದ ದಿನ ವಿಮಾ ಕಂಪನಿ ಹಣ ಕೊಡಲು ನಿರಾಕರಿಸಬಹುದು.

ಹೆಂಗಸರು ಮೈಮೇಲಿನ ಬಂಗಾರವನ್ನು ತಾಳಿ, ಓಲೆಗೆ ಇಳಿಸಿಕೊಂಡು ಹೊರಡುವುದು ವಾಸಿ. ಹೆಚ್ಚಿನ ಒಡವೆ ಹಾಕಿಕೊಳ್ಳಲೇಬೇಕೆಂದರೆ ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ತೋರಿಸಿ ಪ್ರಮಾಣಪತ್ರ ಪಡೆಯಿರಿ, ವಾಪಸು ಬರುವಾಗ ಒಡವೆ ನಿಮ್ಮದೇ ಎನ್ನುವುದಕ್ಕೆ ಅದು ಗಟ್ಟಿ ಆಧಾರ. ದುಬೈಯಿಂದ ಬರುವಾಗ ಇಷ್ಟು ಗ್ರಾಂ ಬಂಗಾರ ಸುಂಕವಿಲ್ಲದೆ ತರಬಹುದು ಎಂದು ಯಾರಾದರೂ ಹೇಳಿದರೆ, ಆ ವಿಶೇಷ ರಿಯಾಯಿತಿ ಒಂದು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ನೆಲೆಸಿ ಮರಳುವವರಿಗೆ ಇರುವಂಥದ್ದು. ವಾರದ ಪ್ರವಾಸಕ್ಕೆ ಹೋದವರಿಗೆ ಅದು ಅನ್ವಯಿಸುವುದಿಲ್ಲ.